ಮೂವರ ಮನೆಯಲ್ಲಿ ಏಳು ಮಂದಿ

ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ. ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನುಗಳೆಲ್ಲ ಕೊನೆಗೆ ಅಲ್ಲಿಗೆ ಬರುತ್ತವೆ. ಛತ್ರಿ, ಕೈಚೀಲ, ಕನ್ನಡಕ, ಊಟದ ಡಬ್ಬಿ, ಹಲ್ಲಿನ ಸೆಟ್ಟು, ಒಮ್ಮೆ ಒಂದು ಊರುಗೋಲು. ಊರುಗೋಲು ಮರೆತವನು ಬಸ್ಸಿಳಿದು ನಡೆದುಹೋದದ್ದು ಹೇಗೆ ಎಂಬುದನ್ನು ಸಂಸ್ಥೆ ಇವತ್ತಿನವರೆಗೂ ಪತ್ತೆ ಮಾಡಿಲ್ಲ.

ಈ ಕೋಣೆಯ ಗುಮಾಸ್ತನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಛತ್ರಿ. ಎದುರಿಗೆ ನಗುತ್ತ ಹಿಂದಿನಿಂದ ಟೋಪಿ ಹಾಕುವವನನ್ನೂ ಜನ ಛತ್ರಿ ಅನ್ನುತ್ತಾರಲ್ಲ, ಆ ಅರ್ಥದಲ್ಲಿ ಅಲ್ಲ. ಆ ಅರ್ಥದ ಛತ್ರಿಯಾಗುವ ಬುದ್ಧಿ ಇವನಿಗಿದ್ದಿದ್ದರೆ ಹದಿನಾರು ವರ್ಷ ಅದೇ ನೆಲಮಾಳಿಗೆಯಲ್ಲಿ ಕೂತಿರುತ್ತಿರಲಿಲ್ಲ.

ಒಂದು ದಿನ ವ್ಯವಸ್ಥಾಪಕರು ಇವನನ್ನು ಮೇಲಕ್ಕೆ ಕರೆಸಿದರು. ಮೇಜಿನ ಮೇಲೆ ಒಂದು ಸುತ್ತೋಲೆ ಇತ್ತು. "ವಸ್ತು-ಸಂಬಂಧ ಸಿದ್ಧಾಂತ: ಎರಡು ದಿನಗಳ ತರಬೇತಿ. ಪ್ರತಿ ಕಚೇರಿಯಿಂದ ಒಬ್ಬರನ್ನು ಕಳಿಸತಕ್ಕದ್ದು." ಇದು ಮನಶ್ಶಾಸ್ತ್ರದ ವಿಷಯ, ದಾಂಪತ್ಯ ಮತ್ತು ಕುಟುಂಬ ಜೀವನಕ್ಕೆ ಸಂಬಂಧಿಸಿದ್ದು ಎಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ವ್ಯವಸ್ಥಾಪಕರು ಸಣ್ಣ ಅಕ್ಷರ ಓದುವ ದರ್ಜೆಯನ್ನು ದಾಟಿ ಬಹಳ ಮೇಲೆ ಹೋದವರು.

"ವಸ್ತು ಅಂದ್ರೆ ನಿಮ್ದೇ ಅಲ್ವೇನ್ರೀ?" ಎಂದರು.

"ಹೌದು ಸಾರ್, ಈ ಕಚೇರೀಲಿ ವಸ್ತು ಅಂದ್ರೆ ನಾನೇ," ಎಂದ ಗುಮಾಸ್ತ.

"ಹೋಗ್ಬನ್ನಿ. ಹದಿನಾರು ವರ್ಷಕ್ಕೆ ನಿಮ್ಮ ವಿಭಾಗಕ್ಕೂ ಒಂದು ಸಿದ್ಧಾಂತ ಬಂತು ನೋಡಿ."

ಗುಮಾಸ್ತ ಹೊಸ ವಹಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ತರಬೇತಿಗೆ ಹೋದ. ಅಲ್ಲಿ ಶಾಲೆಯ ಮೇಡಮ್ಮುಗಳು, ಆಸ್ಪತ್ರೆಯ ನರ್ಸುಗಳು, ಒಬ್ಬ ಕುಟುಂಬ ನ್ಯಾಯಾಲಯದ ವಕೀಲ ಇದ್ದರು. ಪಾಠ ಮಾಡಲು ಬಂದ ಪ್ರೊಫೆಸರಮ್ಮ ಕುಳ್ಳಗೆ, ಬೆಳ್ಳಿ ಕೂದಲಿನವರು. ಮಾತನಾಡುವಾಗ ಎರಡೂ ಕೈಯನ್ನು ಮಗು ಎತ್ತಿಕೊಂಡವರ ಹಾಗೆ ಹಿಡಿಯುತ್ತಿದ್ದರು. ಮೊದಲ ಅರ್ಧ ದಿನ ಗುಮಾಸ್ತ ತಾಳ್ಮೆಯಿಂದ ಕಾದ. ಹಾಲು ಕುಡಿಯುವ ಮಗು ಬಂತು, ಅಳುವ ಮಗು ಬಂತು, ಛತ್ರಿ ಮಾತ್ರ ಬರಲಿಲ್ಲ. ಊಟದ ಹೊತ್ತಿಗೆ ಪ್ರೊಫೆಸರಮ್ಮ, "ನಮ್ಮ ಶಾಸ್ತ್ರದಲ್ಲಿ ವಸ್ತು ಅಂದ್ರೆ ಸಾಮಾನಲ್ಲ, ಮನುಷ್ಯ," ಎಂದಾಗ ಅವನಿಗೆ ನೆಲವೇ ಜಾರಿದಂತಾಯಿತು. ಎದ್ದು ಬರೋಣವೆಂದರೆ ಹಾಜರಿ ಸಹಿ ಸಂಜೆಗೇ. ಕೂತ.

ಕೂತವನಿಗೆ ನಿಧಾನವಾಗಿ ರುಚಿ ಹತ್ತಿತು. ಮಗು ತನ್ನನ್ನು ಸಾಕಿದವರನ್ನು ಮನಸ್ಸಿನೊಳಕ್ಕೆ ತೆಗೆದುಕೊಂಡುಬಿಡುತ್ತದಂತೆ. ಹಾಲು ಬಂದಾಗ ಒಳ್ಳೆಯ ಅಮ್ಮ, ಬಾರದಿದ್ದಾಗ ಕೆಟ್ಟ ಅಮ್ಮ. ಇಬ್ಬರೂ ಒಬ್ಬಳೇ ಎಂದು ಅದಕ್ಕೆ ಗೊತ್ತಿರುವುದಿಲ್ಲವಂತೆ. ಮಗು ಬೆಳೆದು ದೊಡ್ಡದಾಗಿ ಮದುವೆಯಾದ ಮೇಲೆ ಒಳಗಿರುವವರನ್ನೆಲ್ಲ ಹೆಂಡತಿಯ ಮುಖದ ಮೇಲೋ ಗಂಡನ ಮುಖದ ಮೇಲೋ ಅಂಟಿಸಿ ಜಗಳಕ್ಕೆ ನಿಲ್ಲುತ್ತದಂತೆ. "ಇಬ್ಬರೇ ಇರೋ ಸಂಸಾರ ಅಂತ ಒಂದಿಲ್ಲ. ಅವನ ಅಪ್ಪ ಅಮ್ಮ, ಅವಳ ಅಪ್ಪ ಅಮ್ಮ ಸೇರಿ ಒಂದೇ ಮಂಚದಲ್ಲಿ ಆರು ಜನ ಮಲಗಿರ್ತಾರೆ," ಎಂದರು ಪ್ರೊಫೆಸರಮ್ಮ. ವಕೀಲ ಬೇಗ ಬೇಗ ಬರೆದುಕೊಂಡ.

ಎರಡನೆಯ ದಿನ ಗುಮಾಸ್ತ ಕೈ ಎತ್ತಿದ. ಹದಿನಾರು ವರ್ಷದಿಂದ ಅವನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ.

"ಮೇಡಂ, ಒಳಗೆ ಇಟ್ಕೊಂಡಿರೋದಕ್ಕೆ ವಾರಸುದಾರರು ಬರದೇ ಹೋದ್ರೆ ಎಷ್ಟು ದಿನ ಇಟ್ಕೋಬೇಕು?"

ಪ್ರೊಫೆಸರಮ್ಮ ಕನ್ನಡಕ ತೆಗೆದರು. "ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದೀನಿ. ಈ ಪ್ರಶ್ನೇನ ಇಷ್ಟು ಆಳವಾಗಿ ಯಾರೂ ಕೇಳಿರ್ಲಿಲ್ಲ. ಜೀವನಪೂರ್ತಿ ಇಟ್ಕೋತೀವಪ್ಪಾ. ಅದೇ ನಮ್ಮ ಕಷ್ಟ!"

"ನಮ್ಮಲ್ಲಿ ಮೂರು ತಿಂಗಳು," ಎಂದು ಹೇಳಲು ಗುಮಾಸ್ತ ಬಾಯಿ ತೆರೆದಿದ್ದ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಒಬ್ಬ ನರ್ಸು ಕಣ್ಣೊರೆಸಿಕೊಂಡಳು. ತನ್ನ ಜೀವನದಲ್ಲಿ ಮೊದಲ ಸಲ ಚಪ್ಪಾಳೆ ಕೇಳಿದ ಮನುಷ್ಯ ಬಾಯಿ ಮುಚ್ಚಿದ, ಎದೆ ಉಬ್ಬಿಸಿದ. ಮುಂದಿನ ಅನಾಹುತಕ್ಕೆಲ್ಲ ಆ ಚಪ್ಪಾಳೆಯೇ ಹೊಣೆ.

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಶಾಲೆಯ ಸಮವಸ್ತ್ರ ಹೊಲಿದುಕೊಡುವುದು ಅವಳ ಕೆಲಸ. ಬಾಯಲ್ಲಿ ಸದಾ ನಾಲ್ಕೈದು ಗುಂಡುಸೂಜಿ. ತುಟಿಯ ಒಂದು ಮೂಲೆಯಿಂದಲೇ ಇಡೀ ಸಂಸಾರ ನಡೆಸುವ ಕಲೆ ಅವಳಿಗೆ ಸಿದ್ಧಿಸಿತ್ತು. ಹನ್ನೆರಡು ವರ್ಷದ ಮಗಳು ಕಿಟಕಿಯ ಹತ್ತಿರ ಕೂತು ಲೆಕ್ಕ ಬಿಡಿಸುತ್ತಿದ್ದಳು.

"ಬಟನ್ ತಂದ್ರಾ?" ಎಂದಳು ಹೆಂಡತಿ.

ತಂದಿರಲಿಲ್ಲ. ಬೇರೆ ದಿನವಾಗಿದ್ದರೆ ಅವನು ಮೆಲ್ಲಗೆ ಸ್ನಾನದ ಮನೆ ಹೊಕ್ಕು ಚಿಲಕ ಹಾಕಿಕೊಳ್ಳುತ್ತಿದ್ದ. ಇವತ್ತು ಕುರ್ಚಿ ಎಳೆದುಕೊಂಡು ಎದುರಿಗೇ ಕೂತ.

"ನೋಡು, ಬಟನ್ ಕೇಳ್ತಿರೋದು ನೀನಲ್ಲ."

"ಮತ್ಯಾರು?"

"ನಿನ್ನೊಳಗಿರೋ ನಿಮ್ಮಪ್ಪ."

ಯಂತ್ರ ನಿಂತಿತು. "ನಮ್ಮಪ್ಪನ್ನ ಯಾಕೆ ಮಧ್ಯ ತರ್ತೀರಿ?"

"ನಾನು ತಂದಿಲ್ಲ. ಮದುವೆ ದಿನ ನೀನೇ ತಂದಿದೀಯ. ಅವತ್ತಿಂದ ಇಲ್ಲೇ ಇದಾರೆ."

"ಹಾಗಾದ್ರೆ ನೀವು ಯಾರನ್ನ ತಂದ್ರಿ?"

"ನಮ್ಮಮ್ಮನ್ನ. ಅವರು ಇಬ್ಬರಿದಾರೆ."

"ಇಬ್ಬರು ಅತ್ತೇರಾ!" ಎಂದಳು ಹೆಂಡತಿ. ಒಬ್ಬರೇ ಸಾಕಾಗಿತ್ತು ಎನ್ನುವುದನ್ನು ಅವಳ ಮುಖವೇ ಹೇಳಿತು.

"ಒಬ್ಬರು ಒಳ್ಳೆಯವರು, ಒಬ್ಬರು ಕೆಟ್ಟವರು. ನೀನು ಊಟ ಬಡಿಸುವಾಗ ಒಳ್ಳೆಯವರ ಥರ ಕಾಣ್ತೀಯ. ಬಟನ್ ಕೇಳುವಾಗ ಕೆಟ್ಟವರ ಥರ. ಇದ್ರಲ್ಲಿ ನಿನ್ನ ತಪ್ಪೇನಿಲ್ಲ. ಶಾಸ್ತ್ರದ ಪ್ರಕಾರ ನೀನು ನನ್ನ ವಸ್ತು."

ಅವಳು ಒಂದೊಂದಾಗಿ ಸೂಜಿಗಳನ್ನು ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದಳು. ಅವಳು ಸೂಜಿ ತೆಗೆದು ಮಾತಾಡುವುದು ವರ್ಷಕ್ಕೆ ಒಂದೋ ಎರಡೋ ಸಲ.

"ಏನಂದ್ರಿ? ನಾನು ವಸ್ತುನಾ?"

"ನಾನೂ ನಿನ್ನ ವಸ್ತುವೇ. ಅದು ಪರಸ್ಪರ," ಎಂದು ಗುಮಾಸ್ತ ದೊಡ್ಡ ಮನಸ್ಸು ಮಾಡಿದ. ಪ್ರಯೋಜನವಾಗಲಿಲ್ಲ. ಮಗಳು ಲೆಕ್ಕದ ಪುಸ್ತಕದ ಅಂಚಿನಲ್ಲಿ "ವಸ್ತು = ಅಮ್ಮ" ಎಂದು ಬರೆದುಕೊಂಡಳು.

ಮರುದಿನ ಬೆಳಗ್ಗೆ ಅವನು ಮೆಟ್ಟಿಲಿಳಿಯುವ ಹೊತ್ತಿಗೆ ಹೆಂಡತಿ ಎರಡು ಫೋನು ಮಾಡಿಯಾಗಿತ್ತು. ಒಂದು ತನ್ನ ಅಪ್ಪನಿಗೆ: "ಅಪ್ಪಾ, ನೀವು ನಮ್ಮನೇಲಿ ಹದಿನಾಲ್ಕು ವರ್ಷದಿಂದ ಕೂತಿದೀರಂತೆ. ನನ್ನ ಬಾಯಿಂದ ಅವರನ್ನ ಬೈತಿದೀರಂತೆ." ಇನ್ನೊಂದು ಅತ್ತೆಗೆ: "ಅತ್ತೆ, ನೀವು ಇಬ್ಬರಿದೀರಂತೆ. ನಿಮ್ಮ ಮಗ ಹೇಳಿದ್ರು. ಅದ್ರಲ್ಲಿ ಒಬ್ಬರು ಕೆಟ್ಟವರಂತೆ."

ಗುಮಾಸ್ತನ ಬಾಯಿಗೆ ಆ ಬೆಳಗ್ಗೆಯೂ ಬೀಗ ಬೀಳಲಿಲ್ಲ. ಇವರು ವಾಸವಿದ್ದದ್ದು ಸಂಸ್ಥೆಯ ಸಿಬ್ಬಂದಿ ವಸತಿಯಲ್ಲಿ, ಎರಡನೆಯ ಮಹಡಿಯಲ್ಲಿ. ಕೆಳಮನೆಯವನು ಬಸ್ಸುಗಳಲ್ಲಿ ಟಿಕೆಟ್ ಪರೀಕ್ಷಿಸುವವನು. ಲೆಕ್ಕಕ್ಕೆ ಸಿಗದ ಮನುಷ್ಯರನ್ನು ಹಿಡಿಯುವುದು ಅವನಿಗೆ ಬರೀ ಉದ್ಯೋಗವಲ್ಲ, ಉಸಿರು. ಮೆಟ್ಟಿಲ ಮೇಲೆ ಸಿಕ್ಕವನು ಸುಮ್ಮನೆ ಕೇಳಿದ:

"ಏನ್ಸಾರ್, ನಿನ್ನೆ ಮನೇಲಿ ಜೋರು ಮಾತು? ಯಾರಾದ್ರೂ ಬಂದಿದ್ರಾ?"

ಗುಮಾಸ್ತ ಪ್ರೊಫೆಸರಮ್ಮನ ಹಾಗೆಯೇ ಕನ್ನಡಕ ತೆಗೆದ. "ಬಂದಿಲ್ಲ. ಇರೋರೇ. ನಮ್ಮನೇಲಿ ನಾವು ಮೂರೇ ಜನ ಅಂದ್ಕೊಂಡಿದೀರಾ? ಒಳಗೆ ಇನ್ನೂ ನಾಲ್ಕು ಜನ ಇದಾರೆ. ಮೊನ್ನೆವರೆಗೂ ನನಗೇ ಗೊತ್ತಿರ್ಲಿಲ್ಲ."

ಪರೀಕ್ಷಕನ ಕಣ್ಣು ಸಣ್ಣಗಾದವು. "ನಾಲ್ಕು ಜನ. ಯಾವಾಗಿಂದ?"

"ಮದುವೆ ಆದಾಗಿಂದ."

"ಯಾರಿಗೂ ಹೇಳಿಲ್ವಾ?"

"ಹೇಳಿದ್ರೆ ಅರ್ಥ ಮಾಡ್ಕೊಳ್ಳೋರು ಯಾರಿದಾರೆ ಹೇಳಿ?" ಎಂದು ನಿಟ್ಟುಸಿರು ಬಿಟ್ಟು ಗುಮಾಸ್ತ ಕೆಲಸಕ್ಕೆ ಹೋದ. ಪರೀಕ್ಷಕ ಕೆಲಸಕ್ಕೆ ಹೋಗಲಿಲ್ಲ. ನೇರವಾಗಿ ವಸತಿ ಮೇಲ್ವಿಚಾರಕರ ಕಚೇರಿಗೆ ಹೋದ.

ಮೇಲ್ವಿಚಾರಕರು ಎಂದರೆ ಸೊಂಟದಲ್ಲಿ ಎಂಬತ್ತು ಬೀಗದ ಕೈ, ಜೇಬಿನಲ್ಲಿ ಟಾರ್ಚು. ಮಂಜೂರಾದವರ ಹೊರತು ಬೇರೆಯವರು ಹದಿನೈದು ದಿನ ಮೀರಿ ತಂಗಿದರೆ ಮನೆ ಖಾಲಿ ಮಾಡಿಸಬೇಕು ಎನ್ನುವ ನಿಯಮ ಅವರಿಗೆ ಬಾಯಿಪಾಠ. ಯಾರ ಮನೆಗೆ ಹೋದರೂ ಮೊದಲು ಡಬ್ಬಿಯ ಮುಚ್ಚಳ ತೆಗೆದು ನೋಡುವುದು, ಆಮೇಲೆ ನಮಸ್ಕಾರ ಹೇಳುವುದು ಅವರ ಪದ್ಧತಿ. ಮಧ್ಯಾಹ್ನವೇ ಗುಮಾಸ್ತನಿಗೆ ಕರೆ ಬಂತು.

"ನಿಮ್ಮನೇಲಿ ನಾಲ್ಕು ಜನ ಹೆಚ್ಚಿಗೆ ಇದಾರಂತೆ. ನಿಜಾನಾ?"

ಗುಮಾಸ್ತನಿಗೆ ತರಬೇತಿಯ ಸುದ್ದಿ ಇಷ್ಟು ಬೇಗ ಹಬ್ಬಿತಲ್ಲ ಎಂದು ಸಂತೋಷವೇ ಆಯಿತು. "ನಿಜ ಸಾರ್. ನನ್ನ ಅಪ್ಪ ಅಮ್ಮ, ಅವಳ ಅಪ್ಪ ಅಮ್ಮ."

"ಒಪ್ಕೊಳ್ತೀರಾ?"

"ಒಪ್ಕೊಳ್ಳೋದೇ ಮೊದಲ ಹೆಜ್ಜೆ ಸಾರ್."

ಮೇಲ್ವಿಚಾರಕರು ಇಷ್ಟು ಸುಲಭದ ಅಪರಾಧಿಯನ್ನು ನೋಡಿರಲಿಲ್ಲ. ಬರೆಯಲು ಕಾಗದ ತೆಗೆದರು. "ಎಲ್ಲಿ ಮಲಗ್ತಾರೆ?"

"ನಮ್ಮ ಜೊತೇಲೇ. ಮಂಚದ ಮೇಲೆ."

"ಆರು ಜನ! ಒಂದೇ ಮಂಚದಲ್ಲಿ! ಅದು ಸಂಸ್ಥೆ ಕೊಟ್ಟ ಮಂಚ ಕಣ್ರೀ, ಇಬ್ಬರ ಅಳತೇದು!"

"ಎಲ್ಲರ ಮನೇಲೂ ಹಾಗೇ ಸಾರ್."

"ಎಲ್ಲರ ಮನೇಲೂ?" ಮೇಲ್ವಿಚಾರಕರು ಪೆನ್ನು ಕೆಳಗಿಟ್ಟರು. ಅವರ ಕಣ್ಣಿಗೆ ಎಂಬತ್ತು ಮನೆ, ಎಂಬತ್ತು ಮಂಚ ಒಮ್ಮೆಲೇ ಬಂದವು. "ಬೇರೆಯವರದ್ದು ಆಮೇಲೆ. ಮೊದಲು ನಿಮ್ಮೋರನ್ನ ಹೊರಗೆ ಕಳಿಸಿ."

"ಹಾಗೆಲ್ಲ ಕಳಿಸೋಕ್ಕಾಗಲ್ಲ ಸಾರ್. ವರ್ಷಗಟ್ಟಲೆ ಹಿಡಿಯತ್ತೆ. ಕೆಲವರು ಹೋಗೋದೇ ಇಲ್ಲ."

ಮೇಲ್ವಿಚಾರಕರ ಮುಖ ಕೆಂಪಾದದ್ದನ್ನು ನೋಡಿ, ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಗುಮಾಸ್ತನಿಗೆ ಹೊಳೆಯಿತು. "ಅಯ್ಯೋ, ಅವರು ಕಣ್ಣಿಗೆ ಕಾಣಿಸಲ್ಲ ಸಾರ್!" ಎಂದ ಗಾಬರಿಯಿಂದ.

"ಕಾಣಿಸದ ಹಾಗೆ ಇಟ್ಟಿದೀರಾ? ಭಾನುವಾರ ಬೆಳಗ್ಗೆ ತಪಾಸಣೆಗೆ ಬರ್ತೀನಿ. ಒಬ್ಬರು ಹೆಚ್ಚಿಗೆ ಸಿಕ್ಕಿದ್ರೂ ಮನೆ ಖಾಲಿ."

ಮೇಲ್ವಿಚಾರಕರು ಬರೆದುಕೊಟ್ಟ ನೋಟೀಸನ್ನು ಹೆಂಡತಿ ನಿಂತಲ್ಲೇ ಓದಿದಳು. "ನನ್ನ ವಸ್ತು ಅಂದ್ರಿ. ಸರಿ. ಈಗ ಮನೇನೂ ಕಳ್ಕೊಂಡು ಬಂದ್ರಾ? ಮಗಳ ಶಾಲೆ ಇಲ್ಲಿ, ನನ್ನ ಕೆಲಸ ಇಲ್ಲಿ. ಯಂತ್ರ ತಲೆ ಮೇಲೆ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

"ಮನೇಲಿ ಯಾರೂ ಇಲ್ವಲ್ಲ. ಬಂದು ನೋಡಿ ಹೋಗ್ತಾರೆ," ಎಂದ ಗುಮಾಸ್ತ. ಆ ಕ್ಷಣಕ್ಕೆ ಅದು ಸತ್ಯವೇ ಆಗಿತ್ತು.

ಶನಿವಾರ ಸಂಜೆ ಬಾಗಿಲ ಗಂಟೆ ಎರಡು ಸಲ ಬಾರಿಸಿತು. ಮೊದಲ ಸಲ ಬಂದವರು ಮಾವ. ಮೂವತ್ತು ವರ್ಷ ಚೌಕದಲ್ಲಿ ನಿಂತು ವಾಹನ ನಿಲ್ಲಿಸಿದ ಪೊಲೀಸು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಮಾತಿನ ನಡುವೆ ಅಂಗೈ ಎತ್ತಿ ಎದುರಿನವರನ್ನು ನಿಲ್ಲಿಸುವ ಅಭ್ಯಾಸ ಹೋಗಿರಲಿಲ್ಲ. ಕೈಯಲ್ಲಿ ತಗಡಿನ ಟ್ರಂಕು.

"ಅಳಿಯಂದಿರೇ," ಎಂದರು, "ನಾನು ಇಲ್ಲೇ ಇದೀನಿ ಅಂದ್ರಂತೆ. ಮಗಳ ಮನೇಲಿ ಎರಡು ದಿನಕ್ಕಿಂತ ಹೆಚ್ಚು ಕೂತವನಲ್ಲ ನಾನು. ಆದ್ರೆ ನೀವು ಇದೀನಿ ಅಂದ್ಮೇಲೆ ಇದ್ದೇಬಿಡ್ತೀನಿ. ಟ್ರಂಕು ಎಲ್ಲಿಡ್ಲಿ?"

"ಮಾವ, ಅದು ಹಾಗಲ್ಲ..."

ಅಂಗೈ ಮೇಲೆದ್ದಿತು. ಗುಮಾಸ್ತ ನಿಂತ.

ಎರಡನೆಯ ಸಲ ಬಂದವರು ಗುಮಾಸ್ತನ ಅಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಅವರ ಕೈಯಲ್ಲಿ ಹುಟ್ಟಿದ ಮಕ್ಕಳಿಗೇ ಈಗ ಬೊಕ್ಕತಲೆ ಬಂದಿದೆ. ಅವರು ಒಳಗೆ ಬಂದವರೇ ಕೋಣೆ ಕೋಣೆ ತಿರುಗಿದರು.

"ಏನಮ್ಮಾ ಹುಡುಕ್ತಿದೀಯ?"

"ಇನ್ನೊಬ್ಬಳನ್ನ. ನಾವಿಬ್ಬರಿದೀವಂತಲ್ಲ. ಆ ಕೆಟ್ಟವಳ ಮುಖ ನೋಡೋಣ ಅಂತ ಬಂದೆ ಕಣೋ."

ಗುಮಾಸ್ತ ಸಮಾಧಾನ ಮಾಡಲು ಹೋದ. ಪ್ರೊಫೆಸರಮ್ಮ ಹೇಳಿದ್ದರಲ್ಲಿ ಅತ್ಯಂತ ಮೃದುವಾದ ಮಾತನ್ನೇ ಆರಿಸಿಕೊಂಡ. "ಅಮ್ಮಾ, ಮಗೂಗೆ ಪರಿಪೂರ್ಣ ತಾಯಿ ಬೇಕಾಗಿಲ್ವಂತೆ. ಪರವಾಗಿಲ್ಲ ಅನ್ನೋಂಥ ತಾಯಿ ಸಾಕಂತೆ. ನೀನು ಹಾಗೇ ಇದ್ದೆ."

"ಪರವಾಗಿಲ್ವಾ?" ಅಮ್ಮ ಕೈಚೀಲವನ್ನು ನೆಲಕ್ಕೆ ಕುಕ್ಕಿದರು. "ಒಂಬತ್ತು ತಿಂಗಳು ಹೊತ್ತೆ, ಎರಡು ವರ್ಷ ಹೆಗಲ ಮೇಲೆ ತಿರುಗಿಸ್ದೆ, ನಾಯಿಕೆಮ್ಮು ಬಂದಾಗ ಇಪ್ಪತ್ತು ದಿನ ಕೂತೇ ಇದ್ದೆ. ಪರವಾಗಿಲ್ಲಾನಾ? ಕೇಳಿದ್ರಾ ಬೀಗರೇ? ನಾನು ಪರವಾಗಿಲ್ವಂತೆ!"

"ನಿಮಗೆ ಅಷ್ಟಾದ್ರೂ ಸಿಕ್ತು ಬೀಗರೇ," ಎಂದರು ಮಾವ ಗಂಭೀರವಾಗಿ. "ನನ್ನನ್ನ ಬಟನ್ ಕೇಳೋನು ಅಂದಿದಾರೆ."

ಹೀಗೆ, ಇಲ್ಲದವರನ್ನು ಹುಡುಕಲು ಸರ್ಕಾರಿ ಗಾಂಭೀರ್ಯದಿಂದ ಮೇಲ್ವಿಚಾರಕರು ಹೊರಡುವ ಹೊತ್ತಿಗೆ ಅರ್ಧದಷ್ಟು ಜನ ತಾವಾಗಿಯೇ ಬಂದು ಸೇರಿದ್ದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಗಂಟೆ ಬಾರಿಸಿತು. ಮೇಲ್ವಿಚಾರಕರು, ಅವರ ಹಿಂದೆ ಸಾಕ್ಷಿಯಾಗಿ ಟಿಕೆಟ್ ಪರೀಕ್ಷಕ, ಅವನ ಹಿಂದೆ ಮೆಟ್ಟಿಲುದ್ದಕ್ಕೂ ಭಾನುವಾರ ಮಾಡಲು ಬೇರೆ ಕೆಲಸವಿಲ್ಲದ ನೆರೆಹೊರೆ. ಬಾಗಿಲು ತೆರೆದವರು ಮಾವ. ಅಂಗೈ ಎತ್ತಿದರು.

"ಗುರುತಿನ ಚೀಟಿ?"

ಮೇಲ್ವಿಚಾರಕರು ತಾವೇ ತಪ್ಪಿತಸ್ಥರಂತೆ ಜೇಬು ತಡಕಾಡಿ ಚೀಟಿ ತೋರಿಸಿದರು. ಆಮೇಲೆ ಎಚ್ಚೆತ್ತು, "ನೀವು ಯಾರು?" ಎಂದರು.

"ಇವಳ ಅಪ್ಪ."

"ಒಂದು," ಎಂದು ಪರೀಕ್ಷಕ ಬೆರಳು ಮಡಿಸಿದ.

ಅಡುಗೆಮನೆಯಲ್ಲಿ ಅಮ್ಮ ಸಿಕ್ಕರು. "ಎರಡು!" ಅವನ ದನಿಯಲ್ಲಿ ಹಬ್ಬದ ಸಡಗರ. "ನಾನು ಹೇಳ್ಲಿಲ್ವಾ ಸಾರ್?"

ಹೆಂಡತಿ ಗಂಡನ ಕಡೆ ತಿರುಗಿ ಅಂಗೈ ಎತ್ತಿದಳು. "ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿಮಗೆ? ಯಾರ ಹತ್ರಾನೂ ಬಾಯಿ ಬಿಡ್ಬೇಡಿ ಅಂದಿರ್ಲಿಲ್ವಾ?"

ಅದೇ ಗಳಿಗೆಯಲ್ಲಿ ಅವಳ ಪಕ್ಕದಲ್ಲಿ ಇನ್ನೊಂದು ಅಂಗೈ ಎದ್ದಿತ್ತು. "ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿಮಗೆ?" ಎಂದರು ಮಾವ ಅಳಿಯನಿಗೆ, ಅದೇ ಏರಿಳಿತದಲ್ಲಿ.

ಎರಡು ಕೈ, ಒಂದೇ ಎತ್ತರ, ಹೆಬ್ಬೆರಳು ಒಂದೇ ಕಡೆಗೆ ವಾಲಿತ್ತು. ಮಗಳು ಕಿಟಕಿಯ ಕಟ್ಟೆಯಿಂದ ಕೆಳಗೆ ಜಿಗಿದಳು. "ಅಮ್ಮಾ, ನೋಡಮ್ಮಾ! ನಿಂದೂ ತಾತಂದೂ ಒಂದೇ ಕೈ!"

ಅಪ್ಪ ಮಗಳು ಪರಸ್ಪರ ಕೈ ನೋಡಿಕೊಂಡರು. ಇಬ್ಬರೂ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಹಿಡಿದಿದ್ದರು. ಬಾಗಿಲಲ್ಲಿ ನಿಂತ ನೆರೆಯವರು ತಮ್ಮನ್ನೇ ನಿಲ್ಲಿಸಿದ್ದೆಂದು ಒಂದು ಮೆಟ್ಟಿಲು ಹಿಂದೆ ಸರಿದರು.

ಸಿದ್ಧಾಂತ ಸಾಬೀತಾದದ್ದನ್ನು ಕಂಡು ಸಂತೋಷಪಡಬೇಕಾದ ಮನುಷ್ಯ ಅಷ್ಟು ಹೊತ್ತಿಗೆ ಅಲ್ಲಿರಲಿಲ್ಲ. ಎರಡು ಅಂಗೈ ಎದ್ದದ್ದೇ ತಡ, ಅವನ ಕಾಲು ಅವನನ್ನು ಕೇಳದೆ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಿತ್ತು.

ಚಿಲಕದ ಸದ್ದು ಮೇಲ್ವಿಚಾರಕರ ಕಿವಿಗೆ ಬಿತ್ತು. ಟಾರ್ಚು ಹೊತ್ತಿಸಿದರು. ಹಾಡಹಗಲು. "ಒಳಗೆ ಯಾರು?"

"ಇನ್ಯಾರು, ಇವನಪ್ಪ!" ಎಂದರು ಅಮ್ಮ ರೋಸಿಹೋಗಿ. "ಮಾತು ಜೋರಾಯ್ತು ಅಂದ್ರೆ ಚಿಲಕ ಹಾಕ್ಕೊಂಡು ಕೂರೋದು. ನನ್ನ ಜನ್ಮ ಎಲ್ಲಾ ಆ ಬಾಗಿಲು ಬಡಿಯೋದ್ರಲ್ಲೇ ಹೋಯ್ತು."

"ಮೂರು!" ಎಂದ ಪರೀಕ್ಷಕ.

ಮೇಲ್ವಿಚಾರಕರು ಬಾಗಿಲು ಬಡಿದರು. "ಯಜಮಾನರೇ, ಹೊರಗೆ ಬನ್ನಿ. ವಯಸ್ಸಾದೋರಿಗೆ ನಾವೇನೂ ಮಾಡಲ್ಲ."

ಚಿಲಕ ಸರಿಯಿತು. ಗುಮಾಸ್ತ ಹೊರಗೆ ಬಂದ. ಮೇಲ್ವಿಚಾರಕರು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಟಾರ್ಚು ಬಿಟ್ಟರು. ಬಕೆಟ್ಟಿನ ಮುಚ್ಚಳವನ್ನೂ ತೆಗೆದು ನೋಡಿದರು.

"ಎಲ್ರೀ ಇವರಪ್ಪ?"

"ಅವರು ಹೋಗಿ ಹನ್ನೊಂದು ವರ್ಷ ಆಯ್ತಲ್ಲ," ಎಂದರು ಅಮ್ಮ.

"ಹೋಗಿ ಅಂದ್ರೆ? ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ತೀರ್ಕೊಂಡ್ರಪ್ಪಾ."

ಮೇಲ್ವಿಚಾರಕರು ಟಾರ್ಚು ಆರಿಸಿದರು. ಗುಮಾಸ್ತನ ಕಡೆ ತಿರುಗಿದರು. "ಮೊನ್ನೆ ಮಂಚದ ಮೇಲಿದಾರೆ ಅಂದ್ರಿ!"

"ಇದಾರೆ ಸಾರ್," ಎಂದ ಗುಮಾಸ್ತ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

ಪರೀಕ್ಷಕ ಮಂಚದ ಕೋಣೆಯ ಬಾಗಿಲಿನಿಂದ ಒಂದೇ ನೆಗೆತಕ್ಕೆ ಮೆಟ್ಟಿಲಿಗೆ ಬಿದ್ದ. ಮೆಟ್ಟಿಲ ಮೇಲೆ ಗುಸುಗುಸು ಹೊರಟಿತು. ಎರಡನೆಯ ಮಹಡಿಯಿಂದ ಹೊರಟಾಗ "ತೀರಿಕೊಂಡವರ ಮಾತು ಬಂತು" ಎಂದಿದ್ದದ್ದು ಕೆಳಗೆ ಮುಟ್ಟುವಾಗ "ಮಂಚದ ಪೆಟ್ಟಿಗೆಯಲ್ಲಿ ಇಬ್ಬರು" ಎಂದಾಗಿತ್ತು.

ಮೇಲ್ವಿಚಾರಕರು ತುಟಿ ಸವರಿಕೊಂಡರು. ಏನೇ ಆಗಲಿ, ಪಟ್ಟಿ ಮುಗಿಸಬೇಕಿತ್ತು. "ನಾಲ್ಕನೆಯವರು? ಇವರ ತಾಯಿ?"

"ನಮ್ಮಮ್ಮ ಇಲ್ಲ ಸಾರ್," ಎಂದಳು ಹೆಂಡತಿ. "ನಾನು ಆರು ವರ್ಷದವಳಿದ್ದಾಗಲೇ ಹೋದ್ರು. ಮುಖ ಸರಿಯಾಗಿ ನೆನಪಿಲ್ಲ."

ಅವಳು ಕೈಗೆ ಏನಾದರೂ ಕೆಲಸ ಬೇಕೆಂಬಂತೆ ಯಂತ್ರದ ಮೇಲಿದ್ದ ಅಂಗಿಯನ್ನು ಎತ್ತಿಕೊಂಡು ಕಾಲರಿಗೆ ಸೂಜಿ ಚುಚ್ಚತೊಡಗಿದಳು. ಉಳಿದ ಸೂಜಿಗಳು ಎಂದಿನಂತೆ ತುಟಿಯ ನಡುವೆ ಹೋದವು.

ಮಾವ ಅದನ್ನೇ ನೋಡುತ್ತಿದ್ದರು. ಅವರ ಕೈ ಕೆಳಗಿಳಿದಿತ್ತು. ಮೇಲ್ವಿಚಾರಕರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು:

"ನಾಲ್ಕನೇದೂ ಬರ್ಕೊಳ್ಳಿ ಸಾರ್. ಇದಾಳೆ."

"ಏನು?"

"ಇವಳಿಗೆ ಹೊಲಿಗೆ ಯಾರೂ ಹೇಳ್ಕೊಡ್ಲಿಲ್ಲ. ಸೂಜಿ ಹೀಗೆ ಬಾಯಲ್ಲಿ ಇಟ್ಕೊಳ್ಳೋದನ್ನೂ ಯಾರೂ ಹೇಳ್ಕೊಡ್ಲಿಲ್ಲ. ಅವಳಮ್ಮ ಹೀಗೇ ಇಟ್ಕೊಳ್ತಿದ್ಲು. ಎಡಗಡೆ ಮೂಲೇಲಿ. ನುಂಗ್ತೀಯ ಅಂತ ದಿನಾ ಬೈತಿದ್ದೆ." ಮಾವ ಟ್ರಂಕಿನ ಮೇಲೆ ಕೂತರು. "ನಾನು ಇಲ್ಲಿಲ್ಲ ಅಂತ ಜಗಳ ಆಡೋಕೆ ಬಂದೆ. ಏನ್ ಜಗಳ ಆಡೋದು? ನಾನಿದೀನಿ, ಅವಳೂ ಇದಾಳೆ. ಬರ್ಕೊಳ್ಳಿ."

ಹೆಂಡತಿ ಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಅವನ್ನೇ ನೋಡಿದಳು. ಗುಮಾಸ್ತನಿಗೆ ಎರಡು ದಿನದ ತರಬೇತಿಯಲ್ಲಿ ಕಲಿತ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಅವನು ಹೋಗಿ ಅವಳ ಪಕ್ಕದಲ್ಲಿ ನಿಂತ. ಅಷ್ಟೇ.

ಸರ್ಕಾರಿ ಕೆಲಸ ಮಾತ್ರ ನಿಲ್ಲುವಂತಿರಲಿಲ್ಲ. ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡು, ಮುಖ ಎಲ್ಲಿಡಬೇಕೆಂದು ತಿಳಿಯದೆ, ಕಪಾಟಿನ ಮೇಲಿದ್ದ ಮಗಳ ಬಣ್ಣದ ಪೆನ್ಸಿಲ್ ಡಬ್ಬಿಯ ಮುಚ್ಚಳ ತೆಗೆದರು.

ಅಮ್ಮ ಅವರನ್ನು ಬಂದಾಗಿನಿಂದ ಗಮನಿಸುತ್ತಿದ್ದರು. "ಏನಪ್ಪಾ," ಎಂದರು, "ನೀವು ಚಿಕ್ಕೋರಿದ್ದಾಗ ನಿಮ್ಮ ಡಬ್ಬಿ ಯಾರು ತೆಗೆದು ನೋಡ್ತಿದ್ರು?"

ಮೇಲ್ವಿಚಾರಕರು ಏನೋ ಗದರಿಸಲು ಹೊರಟರು. ಗದರಿಕೆ ಬರಲಿಲ್ಲ. "ನಮ್ಮ ದೊಡ್ಡಕ್ಕ," ಎಂದು ಬಂತು.

"ದಿನಾ?"

"ದಿನಾ. ಪೆನ್ಸಿಲ್ ಎಣಿಸ್ತಿದ್ಲು. ಒಂದು ಕಡಿಮೆ ಆದ್ರೆ ಊಟ ಇಲ್ಲ. ಹಸಿರು ಪೆನ್ಸಿಲ್ ನಾನು ಕಳೆದಿರ್ಲಿಲ್ಲಮ್ಮಾ. ಪಕ್ಕದ ಬೆಂಚಿನವನು ತಗೊಂಡಿದ್ದ. ಎಷ್ಟು ಹೇಳಿದ್ರೂ ನಂಬ್ಲಿಲ್ಲ." ಎಂಬತ್ತು ಮನೆಗಳ ಒಡೆಯ ಕುರ್ಚಿಗೆ ಕುಸಿದು, ನಲವತ್ತು ವರ್ಷದ ಹಿಂದಿನ ಹಸಿರು ಪೆನ್ಸಿಲ್ಲಿನ ಸಂಗತಿಯನ್ನು ಮುಕ್ಕಾಲು ಗಂಟೆ ಹೇಳಿದರು. ಅಮ್ಮ ಚಹಾ ಮಾಡಿಕೊಟ್ಟರು. ಮಾವ ನಡುವೆ ಒಂದೆರಡು ಸಲ, "ಆ ಪಕ್ಕದ ಬೆಂಚಿನವನ ವಿಳಾಸ ಇದೆಯಾ?" ಎಂದು ವಿಚಾರಿಸಿದರು.

ಹೋಗುವ ಮುಂಚೆ ಮೇಲ್ವಿಚಾರಕರು ವರದಿ ಬರೆದರು. ಅದು ಈಗಲೂ ಕಡತದಲ್ಲಿದೆ. "ಖಾಯಂ ನಿವಾಸಿಗಳು: ಮೂವರು. ಅತಿಥಿಗಳು: ಇಬ್ಬರು, ಮಂಗ‌ಳವಾರ ತೆರಳುವರು. ಉಳಿದವರು ಈ ನಿಯಮಾವಳಿಯ ವ್ಯಾಪ್ತಿಗೆ ಬರುವುದಿಲ್ಲ."

ಟಿಕೆಟ್ ಪರೀಕ್ಷಕನಿಗೆ ತಡೆಯಲಾಗಲಿಲ್ಲ. "ಅಂದ್ರೆ ಇಬ್ಬರು ಟಿಕೆಟ್ ಇಲ್ದೆ ಇದಾರೆ ಅಂತಾಯ್ತಲ್ಲ ಸಾರ್?"

"ನಿಮ್ಮನೇಲಿ ಎಷ್ಟು ಜನರೀ?" ಎಂದರು ಮೇಲ್ವಿಚಾರಕರು, ಅವನ ಕಣ್ಣಲ್ಲಿ ಕಣ್ಣಿಟ್ಟು.

ಪರೀಕ್ಷಕ ಎಣಿಸಲು ಬೆರಳು ತೆಗೆದ. ಎರಡು ಬೆರಳು ಮಡಿಸುವಷ್ಟರಲ್ಲಿ ಅವನ ಮುಖ ಒಂದು ಥರ ಆಯಿತು. ಕೆಳಗಿಳಿದು ಹೋಗಿ ಬಾಗಿಲು ಹಾಕಿಕೊಂಡ.

ಮಂಗಳವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಹಿರಿಯರನ್ನು ಬಸ್ಸು ಹತ್ತಿಸಲು ಹೋದರು. ಮಗಳು ಶಾಲೆಯಲ್ಲಿದ್ದಳು. ಮಾವ ತಮ್ಮ ಟ್ರಂಕಿನ ಮೇಲೇ ಕೂತು ಹೊರಟರು. ಬಸ್ಸು ನಿಲ್ದಾಣದಿಂದ ಹೊರಬರುವಾಗ ಕಿಟಕಿಯಿಂದ ಕೈ ಹಾಕಿ ಎದುರಿನ ಲಾರಿಯನ್ನು ನಿಲ್ಲಿಸಿ ದಾರಿ ಮಾಡಿಕೊಟ್ಟರು. ಅಮ್ಮ ತಮ್ಮೂರಿನ ಬಸ್ಸಿನ ಮೆಟ್ಟಿಲು ಹತ್ತಿದವರು ಇಳಿದು ಬಂದು ಮಗನ ಅಂಗಿಯ ಗುಂಡಿ ಹಾಕಿ, "ನೀನೂ ಪರವಾಗಿಲ್ಲ ಕಣೋ," ಎಂದು ಮತ್ತೆ ಹತ್ತಿದರು.

ಮನೆಯ ಕಡೆಯ ಬಸ್ಸಿಗೆ ಇಬ್ಬರೂ ಕಾಯುತ್ತ ನಿಂತರು. ಬಿಸಿಲು. ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಗುಮಾಸ್ತ, ಎಲ್ಲವೂ ಸುಸೂತ್ರವಾಗಿ ಮುಗಿಯಿತು ಎಂಬ ತೃಪ್ತಿಯಲ್ಲಿ, "ಪ್ರೊಫೆಸರಮ್ಮನಿಗೆ ಒಂದು ಪತ್ರ ಬರೀಬೇಕು. ನನ್ನ ಪ್ರಶ್ನೆ ಅವರಿಗೆ ಎಷ್ಟು ಹಿಡಿಸಿತ್ತು ಗೊತ್ತಾ?" ಎಂದ.

"ಗೊತ್ತು. ಐದು ಸಲ ಹೇಳಿದೀರಿ," ಎಂದಳು ಹೆಂಡತಿ. ದನಿ ಎತ್ತರಿಸಲಿಲ್ಲ. "ಹದಿನಾಲ್ಕು ವರ್ಷದಲ್ಲಿ ನನಗೆ ಅಂಥ ಒಂದು ಪ್ರಶ್ನೆ ಕೇಳಿದೀರಾ?"

ಗುಮಾಸ್ತನಿಗೆ ಆ ದನಿ ಹೊಸದು. ಅದರಲ್ಲಿ ಮಾವನಿರಲಿಲ್ಲ. ಸುತ್ತಲೂ ನೋಡಿದ; ಚಿಲಕ ಹಾಕಿಕೊಳ್ಳುವ ಬಾಗಿಲು ಒಂದೂ ಕಾಣಲಿಲ್ಲ. ಉತ್ತರ ಕೊಡಬೇಕಾಯಿತು.

"ಕೇಳೋಣ ಅಂತ ಬಂದ್ರೆ ನೀನು ಯಂತ್ರ ಶುರು ಮಾಡ್ತೀಯ."

"ನೀವು ಬಂದು ನಿಲ್ತೀರಿ, ಏನೂ ಹೇಳಲ್ಲ. ನಿಂತವರನ್ನ ನೋಡ್ತಾ ಕೂರೋಕೆ ನನಗೆ ದಿನಕ್ಕೆ ಹನ್ನೆರಡು ಅಂಗಿ ಇರತ್ತೆ."

"ಹಾಗಾದ್ರೆ ಯಾವಾಗ ಮಾತಾಡ್ಲಿ? ಸೂಜಿ ಬಾಯಲ್ಲಿರೋವಾಗ ನೀನು ನಗ್ತಿದೀಯೋ ಬೈತಿದೀಯೋ ನನಗೆ ತಿಳಿಯಲ್ಲ. ಹೆದರಿಕೆ ಆಗತ್ತೆ!"

"ಹೆದರಿಕೆನಾ? ನನ್ನ ಕಂಡ್ರೆ? ಇದನ್ನ ಇಷ್ಟು ವರ್ಷ ಹೇಳ್ಬಾರ್ದಿತ್ತಾ?"

"ಈಗ ಹೇಳ್ತಿದೀನಲ್ಲ!"

"ಈಗ ಹೇಳೋದಾ? ಬಸ್ ನಿಲ್ದಾಣದಲ್ಲಿ? ಈ ಬಿಸಿಲಲ್ಲಿ?"

"ಹೌದು, ಇಲ್ಲೇ! ಇನ್ನೂ ಇದೆ!"

"ನನ್ನದೂ ಇದೆ! ಮೊದಲು ನಿಮ್ಮದು ಮುಗಿಸಿ!"

ಅವರ ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ನಿಂತ ಕಂಡಕ್ಟರು ಇಬ್ಬರನ್ನೂ ನೋಡಿದ, ಗಡಿಯಾರ ನೋಡಿದ, ಮತ್ತೆ ಇಬ್ಬರನ್ನೂ ನೋಡಿದ.

"ಏನ್ಸಾರ್, ಹತ್ತುತ್ತೀರೋ ಇಲ್ವೋ?"

ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ನೀವು ಹೋಗಿ! ನಾವು ಈಗಷ್ಟೇ ಶುರು ಮಾಡಿದೀವಿ!"